ಕೋಳಿಗೆ ಮೊಟ್ಟೆ ಸಿಕ್ಕಿಕೊಂಡರೆ ಏನು ಮಾಡೋಣ?



ನಮ್ಮ ಚಂದಕವಾಡಿ ಕಡೆಯ ಹಳ್ಳಿಗಳಲ್ಲಿ ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕೋದು ಹೊಸದೇನಲ್ಲ. ಹೊಲ, ಹಸು ಯಾರ ಹೆಸರಿನಲ್ಲೇ ಇರಲಿ, ಕೋಳಿ ಮಾತ್ರ ಮನೆ ಹೆಂಗಸಿನದು. ಮೊಟ್ಟೆ ಮಾರಿದ ಕಾಸು ಸಂಘದ ಉಳಿತಾಯಕ್ಕೆ ಆಗುತ್ತೆ, ಮಗುವಿನ ನೋಟ್‌ಬುಕ್ಕಿಗೆ ಆಗುತ್ತೆ. ಅದಕ್ಕೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಅಂಥ ಒಂದು ಹ್ಯಾಟೆ ಮೊಟ್ಟೆ ಇಡಲಾಗದೆ ತಿಣುಕುತ್ತಾ ನಿಂತರೆ ನಾವು ಏನು ಮಾಡ್ತೇವೆ? “ಇನ್ನು ಉಳಿಯಲ್ಲ, ಕುಯ್ದುಬಿಡೋಣ” ಅನ್ನೋರಿದ್ದಾರೆ. “ಬೆರಳು ಹಾಕಿ ಎಳೆದುಬಿಡೋಣ” ಅನ್ನೋರೂ ಇದ್ದಾರೆ. ಈ ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸಗಳಿವೆ. ಈ ಪಾಠದಲ್ಲಿ ಅವನ್ನು ತಿಳಿದುಕೊಳ್ಳೋಣ.

ಮೊಟ್ಟೆ ಹೇಗೆ ತಯಾರಾಗುತ್ತೆ?

ಕೋಳಿಯ ಹೊಟ್ಟೆಯೊಳಗೆ ಒಂದು ಮೊಟ್ಟೆ ಪೂರ್ತಿಯಾಗಲು 24ರಿಂದ 26 ಗಂಟೆ ಬೇಕು. ಮೊದಲು ಹಳದಿ ಭಾಗ ಇಳಿದು ಬರುತ್ತೆ, ಆಮೇಲೆ ಬಿಳಿ ಲೋಳೆ ಸುತ್ತಿಕೊಳ್ಳುತ್ತೆ. ಕೊನೆಯ ಸುಮಾರು 20 ಗಂಟೆ ಚಿಪ್ಪು ಕಟ್ಟೋದಕ್ಕೇ ಹೋಗುತ್ತೆ. ಒಂದು ಚಿಪ್ಪಿಗೆ ಹತ್ತಿರ ಹತ್ತಿರ 2 ಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬೇಕು. ಮೇವಿನಲ್ಲಿ ಅದು ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತೆ. ಉಳಿತಾಯ ಇಲ್ಲದೆ ಕಂತು ಕಟ್ಟೋಕೆ ಮನೆಯ ಪಾತ್ರೆ ಮಾರಿದ ಹಾಗೆ ಇದು. ಎಷ್ಟು ದಿನ ನಡೆದೀತು?

ಇನ್ನೊಂದು ವಿಷಯ ಗಮನಿಸಿ. ಮೊಟ್ಟೆಯನ್ನು ಹೊರಗೆ ನೂಕುವ ಮಾಂಸಖಂಡಗಳಿಗೂ ಇದೇ ಕ್ಯಾಲ್ಸಿಯಂ ಬೇಕು. ಅದು ಕಡಿಮೆಯಾದರೆ ಒಂದು ಕಡೆ ಚಿಪ್ಪು ಮೆತ್ತಗಾಗುತ್ತೆ, ಇನ್ನೊಂದು ಕಡೆ ನೂಕುವ ಬಲವೂ ಕುಗ್ಗುತ್ತೆ. ಮೆತ್ತನೆ ಮೊಟ್ಟೆ ಜಾರಿ ಬರೋದು ಗಟ್ಟಿ ಮೊಟ್ಟೆಗಿಂತ ಕಷ್ಟ.

ಯಾಕೆ ಸಿಕ್ಕಿಕೊಳ್ಳುತ್ತೆ?

1. ಮೇವಿನಲ್ಲಿ ಕ್ಯಾಲ್ಸಿಯಂ ಕೊರತೆ. ಬರೀ ಜೋಳ, ನುಚ್ಚಕ್ಕಿ ಹಾಕಿದರೆ ಸಾಲದು.
2. ಬಿಸಿಲು ಕಾಣದೆ ಗೂಡಿನಲ್ಲೇ ಇರೋದು. ಬಿಸಿಲಿನಿಂದ ಸಿಗುವ ಡಿ ಜೀವಸತ್ವ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ.
3. ಮೈ ಬಲಿಯುವ ಮುಂಚೆಯೇ ಮೊದಲ ಮೊಟ್ಟೆಗೆ ಬಂದ ಎಳೇ ಹ್ಯಾಟೆ, ಇಲ್ಲವೇ ತುಂಬಾ ವಯಸ್ಸಾದ ಕೋಳಿ.
4. ಎರಡು ಹಳದಿಯ ದಪ್ಪ ಮೊಟ್ಟೆ, ಅಥವಾ ಅಡ್ಡ ತಿರುಗಿದ ಮೊಟ್ಟೆ.
5. ಕೊಬ್ಬು ಹೆಚ್ಚಾಗಿರೋದು, ಕುಡಿಯಲು ನೀರು ಸಾಲದಿರೋದು, ಮೊಟ್ಟೆ ನಾಳದಲ್ಲಿ ಸೋಂಕು.

ಹೆಚ್ಚು ಮೊಟ್ಟೆ ಕೊಡುವ ತಳಿ ಸಾಕಿದವರು ಇನ್ನೂ ಜಾಗ್ರತೆಯಾಗಿರಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತೆ. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ 180ರಿಂದ 190 ಇಡುತ್ತೆ. ಲೆಕ್ಕ ಹಾಕಿ: 180 ಮೊಟ್ಟೆಯ ಚಿಪ್ಪಿಗೆ ಸುಮಾರು 360 ಗ್ರಾಂ ಕ್ಯಾಲ್ಸಿಯಂ. ನಾಟಿ ಕೋಳಿಗೆ ಹಾಕುವ ಹಿಡಿ ಕಾಳಿನಲ್ಲಿ ಅಷ್ಟು ಎಲ್ಲಿಂದ ಬರಬೇಕು?

ಗುರುತಿಸೋದು ಹೇಗೆ?

ಮೊಟ್ಟೆ ಸಿಕ್ಕಿಕೊಂಡ ಕೋಳಿ ಮತ್ತೆ ಮತ್ತೆ ಗೂಡಿಗೆ ಹೋಗುತ್ತೆ, ಬರಿಗೈಲಿ ಎದ್ದು ಬರುತ್ತೆ. ಬಾಲ ಇಳಿಬಿಟ್ಟು, ಗರಿ ಕೆದರಿಕೊಂಡು, ಕಾಲು ಅಗಲಿಸಿ ನಿಲ್ಲುತ್ತೆ. ತಿಣುಕುತ್ತೆ, ಮೇವು ಬಿಡುತ್ತೆ, ಹಿಕ್ಕೆ ಸರಿಯಾಗಿ ಬರಲ್ಲ. ಜುಟ್ಟು ಬಿಳಿಚಿಕೊಳ್ಳಬಹುದು.

ಕಾವಿಗೆ ಕೂತ ಕೋಳಿಯನ್ನು ನೋಡಿ ಗಾಬರಿಯಾಗಬೇಡಿ. ಅದು ಗೂಡು ಬಿಟ್ಟು ಏಳಲ್ಲ, ಕೈ ಚಾಚಿದರೆ ಗುರ್ ಅಂತ ಗರಿ ಉಬ್ಬಿಸಿ ಕುಕ್ಕುತ್ತೆ. ಕಣ್ಣು ಚುರುಕಾಗಿರುತ್ತೆ, ದಿನಕ್ಕೊಂದು ಸಲ ಇಳಿದು ಮೇವು ತಿನ್ನುತ್ತೆ. ಹಾಗೆಯೇ, ಒಂದು ದಿನ ಮೊಟ್ಟೆ ತಪ್ಪಿಸಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಒಂದು ಮೊಟ್ಟೆಗೆ 24 ಗಂಟೆಗಿಂತ ಹೆಚ್ಚು ಹಿಡಿಯೋದರಿಂದ ನಡುವೆ ಒಂದು ದಿನ ಬಿಟ್ಟುಹೋಗೋದು ಸಹಜ.

ಆದರೆ ಎರಡು ಮೂರು ಕೋಳಿ ಒಟ್ಟಿಗೆ ಮಂಕಾದರೆ, ಹಸಿರು ಮಿಶ್ರಿತ ಬಿಳಿ ಭೇದಿಯಾದರೆ, ಕತ್ತು ತಿರುಚಿಕೊಂಡರೆ ಅದು ಮೊಟ್ಟೆಯ ತೊಂದರೆಯಲ್ಲ. ಕೊಕ್ಕರೆ ರೋಗ ಇರಬಹುದು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಮನೆಯಲ್ಲಿ ಮಾಡಬೇಕಾದ್ದು

1. ಆ ಕೋಳಿಯನ್ನು ಬೇರೆ ಮಾಡಿ. ಹುಂಜ, ನಾಯಿ, ಮಕ್ಕಳ ಕಾಟ ಇಲ್ಲದ ಕಡೆ, ಒಣ ಹುಲ್ಲು ಹಾಸಿದ ಮಂಕರಿಯಲ್ಲಿ ಬಿಡಿ. ಬೆಳಕು ಕಡಿಮೆ ಇರಲಿ, ಗಾಳಿ ಆಡಲಿ, ಒಲೆಯ ಹೊಗೆ ಬೇಡ.

2. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಗೊಳ್ಳಿ. ಎಳೇ ಕೂಸಿಗೆ ಹುಯ್ಯುವಷ್ಟು ಬಿಸಿ ಸಾಕು, ಮೊಣಕೈ ಇಟ್ಟು ನೋಡಿ. ಕೋಳಿಯ ಹೊಟ್ಟೆಯ ಕೆಳಭಾಗ ಮುಳುಗುವ ಹಾಗೆ 15ರಿಂದ 20 ನಿಮಿಷ ಮೆತ್ತಗೆ ಹಿಡಿದು ಕೂರಿಸಿ. ತಲೆಗೆ ನೀರು ಹಾಕಬೇಡಿ. ನೀರು ಆರಿದರೆ ಸ್ವಲ್ಪ ಬಿಸಿ ಬೆರೆಸಿ. ಬಿಗಿದ ಮಾಂಸಖಂಡ ಇದರಿಂದ ಸಡಿಲವಾಗುತ್ತೆ.

3. ಹೊರಗೆ ತೆಗೆದು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆಚ್ಚಗಿಡಿ. ಒದ್ದೆ ಮೈಯಲ್ಲಿ ಬಿಟ್ಟರೆ ಚಳಿ ಹಿಡಿದು ಇನ್ನಷ್ಟು ಸೊರಗುತ್ತೆ. ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು.

4. ಕೈ ತೊಳೆದುಕೊಂಡು, ಶುದ್ಧವಾದ ಕೊಬ್ಬರಿ ಎಣ್ಣೆಯನ್ನು ಮೊಟ್ಟೆ ಬರುವ ದ್ವಾರದ ಸುತ್ತ ಹಚ್ಚಿ. ಅಷ್ಟು ಸಾಕು.

5. ಕುಡಿಯೋಕೆ ನೀರಿಡಿ, ಸ್ವಲ್ಪ ಬೆಲ್ಲ ಕರಗಿಸಿದರೂ ಆಗುತ್ತೆ. ಬಾಯಿ ಬಿಡಿಸಿ ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತೆ. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಮುಟ್ಟಿಸಿ. ಕೋಳಿಗೆ ಕೊಡುವ ಕ್ಯಾಲ್ಸಿಯಂ ಔಷಧಿ ಇದ್ದರೆ ವೈದ್ಯರನ್ನು ಕೇಳಿ ಅವರು ಹೇಳಿದ ಅಳತೆಯಲ್ಲೇ ಕೊಡಿ.

6. ಒಂದು ಗಂಟೆ ಅದರ ಪಾಡಿಗೆ ಬಿಡಿ. ಪದೇ ಪದೇ ಎತ್ತಿ ನೋಡಬೇಡಿ. ಮೊಟ್ಟೆ ಬರದಿದ್ದರೆ ಬಿಸಿನೀರಿನ ಉಪಚಾರ ಇನ್ನೊಂದೆರಡು ಸಲ ಮಾಡಬಹುದು.

ಖಂಡಿತ ಮಾಡಬಾರದ್ದು

- ಹೊಟ್ಟೆ ಅದುಮಿ ಮೊಟ್ಟೆ ನೂಕಬೇಡಿ, ಬೆರಳು ಹಾಕಿ ಎಳೆಯಬೇಡಿ.
- ಒಳಗೇ ಮೊಟ್ಟೆ ಒಡೆಯಬೇಡಿ. ಚಿಪ್ಪಿನ ಚೂರು ಒಳಗೆ ಕುಯ್ದು ಗಾಯ ಮಾಡುತ್ತೆ, ಕೀವು ಕಟ್ಟಿ ಕೋಳಿ ಸಾಯುತ್ತೆ. ಕೆಲವು ಸಲ ಕೋಳಿ ಸಾಯೋದು ಸಿಕ್ಕಿಕೊಂಡ ಮೊಟ್ಟೆಯಿಂದಲ್ಲ, ನಮ್ಮ ಆತುರದ ಕೈಯಿಂದ.
- ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಬಾಯಿಗೆ ಹಾಕಬೇಡಿ. ಬಾಯಿ, ಗಂಟಲು ಸುಟ್ಟುಹೋಗುತ್ತೆ.

ವೈದ್ಯರ ಬಳಿಗೆ ಯಾವಾಗ?

ಬೆಳಿಗ್ಗೆ ಶುರುವಾದ ತೊಂದರೆ ಸಂಜೆಯೊಳಗೆ ಬಗೆಹರಿಯದಿದ್ದರೆ ಕಾಯಬೇಡಿ. ಕೋಳಿ ನಿಲ್ಲಲಾರದೆ ಬಿದ್ದರೆ, ಬಾಯಿ ತೆರೆದು ಉಸಿರಾಡಿದರೆ, ರಕ್ತ ಬಂದರೆ ಸಂಜೆವರೆಗೂ ಕಾಯಬೇಡಿ, ಆಗಲೇ ಹೊರಡಿ. ಮೊಟ್ಟೆ ಸಿಕ್ಕಿಕೊಂಡೇ ಇದ್ದರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿಯೂ ಸಲಹೆ ಕೇಳಬಹುದು. ವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಡಬಹುದು, ಮೊಟ್ಟೆ ಹೊರಬರುವಂತೆ ಬೇರೆ ಮದ್ದೂ ಕೊಡಬಹುದು. ಮದ್ದು ಕೊಟ್ಟ ಮೇಲೆ ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಅಂತ ಕೇಳಿಕೊಂಡೇ ಬನ್ನಿ.

ತಿಣುಕಿ ತಿಣುಕಿ ದ್ವಾರದಿಂದ ಕೆಂಪು ಮಾಂಸ ಹೊರಬಂದರೆ ಬೇರೆ ಕೋಳಿಗಳು ಅದನ್ನು ಕುಕ್ಕಿ ಸಾಯಿಸುತ್ತವೆ. ಕೂಡಲೇ ಬೇರೆ ಇಡಿ. ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ.

ಮಕ್ಕಳ ಆಸೆಗೆ ಲವ್ ಬರ್ಡ್ಸ್ ಸಾಕಿರುವ ಮನೆಗಳಿಗೂ ಒಂದು ಮಾತು. ತೊಂದರೆ ಅದೇ, ಆದರೆ ಪುಟ್ಟ ಹಕ್ಕಿಗೆ ತಡೆಯುವ ಶಕ್ತಿ ಕಡಿಮೆ. ನೀರಿನಲ್ಲಿ ಮುಳುಗಿಸಬೇಡಿ. ಬೆಚ್ಚಗಿಟ್ಟು, ಒಂದೆರಡು ಗಂಟೆಯಲ್ಲಿ ಸುಧಾರಿಸದಿದ್ದರೆ ವೈದ್ಯರ ಹತ್ತಿರ ಹೋಗಿ.

ಬರುವ ಮುಂಚೆಯೇ ತಡೆಯೋಣ

- ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಚಿಪ್ಪಿನಲ್ಲೋ ಬಟ್ಟಲಿನಲ್ಲೋ ಇಡಿ. ಮೊಟ್ಟೆ ಇಡುವ ಕೋಳಿ ಬೇಕಾದಷ್ಟು ತಾನೇ ತಿನ್ನುತ್ತೆ. ಮರಿಗಳ ಮೇವಿಗೆ ಬೆರೆಸಬೇಡಿ, ಹೆಚ್ಚಾದರೆ ಅವುಗಳ ಮೂತ್ರಪಿಂಡ ಕೆಡುತ್ತೆ.
- ಮನೆಯಲ್ಲಿ ಉಳಿದ ಮೊಟ್ಟೆ ಚಿಪ್ಪನ್ನು ತೊಳೆದು, ಹಂಚಿನ ಮೇಲೆ ಹುರಿದು, ಪುಡಿ ಮಾಡಿ ಕೊಡಬಹುದು. ಇಡೀ ಚಿಪ್ಪು ಹಾಕಿದರೆ ಕೋಳಿ ಮೊಟ್ಟೆ ಒಡೆದು ತಿನ್ನೋದು ಕಲಿಯುತ್ತೆ.
- ರಾಗಿ, ನುಗ್ಗೆ ಸೊಪ್ಪು ಎರಡರಲ್ಲೂ ಕ್ಯಾಲ್ಸಿಯಂ ಇದೆ. ಕಾಳಿನ ಜೊತೆ ಇವೂ ಸೇರಲಿ.
- ದಿನಾ ಬಿಸಿಲು, ದಿನಾ ತಾಜಾ ನೀರು, ಮೊಟ್ಟೆಗೆ ಒಂದು ಮರೆಯ ಗೂಡು ಇರಲಿ.
- ಒಮ್ಮೆ ಸಿಕ್ಕಿಕೊಂಡ ಕೋಳಿಗೆ ಮತ್ತೆ ಬರಬಹುದು. ಅದರ ಮೇಲೆ ಕಣ್ಣಿಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಎಷ್ಟು ಜನ ಕೋಳಿ ಸಾಕಿದ್ದೇವೆ? ಕಳೆದ ವರ್ಷ ಮೊಟ್ಟೆ ಇಡುವ ಕೋಳಿ ಎಷ್ಟು ಸತ್ತವು, ಯಾಕೆ?
2. ನಮ್ಮ ಕೋಳಿಗಳ ಮೊಟ್ಟೆ ಚಿಪ್ಪು ಗಟ್ಟಿಯಾಗಿದೆಯೇ, ಬೆರಳಿಗೆ ತಗ್ಗುತ್ತದೆಯೇ? ಮುಂದಿನ ಸಭೆಗೆ ಒಂದೊಂದು ತಂದು ನೋಡೋಣ.
3. ಒಂದು ಚೀಲ ಕಪ್ಪೆಚಿಪ್ಪು ಒಟ್ಟಿಗೆ ತಂದು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು ಖರ್ಚು ಬೀಳುತ್ತೆ?
4. ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಸಭೆಗೆ ಕರೆಯುವ ಜವಾಬ್ದಾರಿ ಯಾರು ತಗೋತಾರೆ?

ಈ ನಾಲ್ಕಕ್ಕೂ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಚಿಪ್ಪು ಮತ್ತೆ ಮುಟ್ಟಿ ನೋಡಿ. ವ್ಯತ್ಯಾಸ ಆಗಿದೆಯೋ ಇಲ್ಲವೋ ನಿಮ್ಮ ಬೆರಳಿಗೇ ಗೊತ್ತಾಗುತ್ತೆ.