ಸಾವಿರ ಜನರ ಮುಂಗಡ

ಕಳೆದ ವರ್ಷ ಬೇಸಗೆಯ ಕೊನೆಯಲ್ಲಿ, ನಮ್ಮ ಕಾಲೇಜಿನ ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಗೆ ಬಂದು, ಮೇಜಿನ ಮೇಲೆ ಒಂದು ಸಣ್ಣ ಡಬ್ಬಿಯನ್ನು ಇಟ್ಟನು. ಅದಕ್ಕೆ ಜೋಡಿಸಿದ್ದ ಎರಡು ಉಕ್ಕಿನ ಕಡ್ಡಿಗಳನ್ನು ನೆಲದಲ್ಲಿ ಚುಚ್ಚಿದರೆ, ಮಣ್ಣಿನ ತೇವ ಎಷ್ಟಿದೆಯೆಂಬುದನ್ನು ಡಬ್ಬಿಯ ಮೇಲಿನ ಮುಳ್ಳು ತೋರಿಸುತ್ತಿತ್ತು. ಅಡಕೆಯ ತೋಟಕ್ಕೆ ಯಾವಾಗ ನೀರು ಬಿಡಬೇಕೆಂದು ತಿಳಿಯಲು ತನ್ನ ತಂದೆಗಾಗಿ ಅವನು ಅದನ್ನು ಮಾಡಿದ್ದನು.

“ಸರ್, ಇಂತಹದನ್ನು ಸಾವಿರ ಮಂದಿಗೆ ಮಾರಬಹುದು. ಬಂಡವಾಳ ನಮ್ಮಲ್ಲಿಲ್ಲ. ಕೊಳ್ಳುವವರಿಂದಲೇ ಮುಂಗಡ ತೆಗೆದುಕೊಂಡು ಕಂಪನಿ ಪ್ರಾರಂಭಿಸಿದರೆ ಹೇಗೆ? ಹಣ ಸಾಲದೆ ಹೋದರೆ ತೋಟವನ್ನು ಅಡವಿಡುತ್ತೇನೆಂದು ಅಪ್ಪ ಹೇಳಿದ್ದಾರೆ” ಎಂದನು.

ಡಬ್ಬಿಯು ಕೆಲಸ ಮಾಡುತ್ತಿತ್ತು. ಕೆಲಸ ಮಾಡದಿದ್ದರೆ ಉತ್ತರ ಹೇಳುವುದು ಸುಲಭವಾಗಿರುತ್ತಿತ್ತು. ಅಂದು ಅವನಿಗೆ ಹೇಳಿದುದನ್ನೂ, ಆಮೇಲೆ ಓದಿ ಲೆಕ್ಕ ಹಾಕಿ ತಿಳಿದುಕೊಂಡುದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇಂತಹ ಪ್ರಶ್ನೆಯನ್ನು ಕೇಳುವ ಮಕ್ಕಳು ಇಂದು ಅನೇಕ ಮನೆಗಳಲ್ಲಿ ಇದ್ದಾರೆ.

ಹಳೆಯ ಪದ್ಧತಿ, ಹೊಸ ಹೆಸರು

ದೊಡ್ಡ ಕೆಲಸಕ್ಕೆ ಅನೇಕರಿಂದ ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಸುವುದು ಹೊಸದೇನೂ ಅಲ್ಲ. ನಮ್ಮ ಊರುಗಳಲ್ಲಿ ತೇರು, ಶಾಲೆ, ನಾಟಕ ಎಲ್ಲವೂ ವಂತಿಗೆಯಿಂದಲೇ ನಡೆದು ಬಂದಿವೆ. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಪೀಠಕ್ಕೆ ಹಣ ಸಾಲದೆ ಹೋದಾಗ, 1885ರಲ್ಲಿ ಜೋಸೆಫ್ ಪುಲಿಟ್ಜರನು ತನ್ನ ಪತ್ರಿಕೆಯ ಮೂಲಕ ಜನರಲ್ಲಿ ಬೇಡಿ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಹಣವನ್ನು ಕೂಡಿಸಿದನು. ಕೊಟ್ಟವರ ಸಂಖ್ಯೆಯೂ ಲಕ್ಷವನ್ನು ಮೀರಿತ್ತು. ನಮ್ಮ ದೇಶದಲ್ಲಿ 1976ರ ‘ಮಂಥನ್’ ಚಲನಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು.

ಈ ಪದ್ಧತಿಗೆ ಇಂಟರ್ನೆಟ್ಟು ಸೇರಿದಾಗ ‘ಕ್ರೌಡ್‌ಫಂಡಿಂಗ್’ ಎಂಬ ಹೆಸರು ಬಂದಿತು. ಕನ್ನಡದಲ್ಲಿ ಜನವಂತಿಗೆ ಎನ್ನಬಹುದು. 2009ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಕಿಕ್‌ಸ್ಟಾರ್ಟರ್ ಎಂಬ ಸಂಸ್ಥೆಯು ಇದಕ್ಕೆ ಒಂದು ನಿಯಮವನ್ನು ರೂಪಿಸಿತು. ವಸ್ತುವನ್ನು ಮಾಡುವವನು ತನಗೆ ಎಷ್ಟು ಹಣ ಬೇಕು, ಎಷ್ಟು ದಿನಗಳೊಳಗೆ ಬೇಕು ಎಂಬುದನ್ನು ಮೊದಲೇ ಸಾರಬೇಕು. ಆ ಅವಧಿಯಲ್ಲಿ ಮೊತ್ತ ಪೂರ್ತಿಯಾಗದಿದ್ದರೆ ಯಾರಿಂದಲೂ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ. ಪೂರ್ತಿಯಾದರೆ ಸಂಸ್ಥೆಯು ನೂರಕ್ಕೆ ಐದರಂತೆ ತನ್ನ ಪಾಲನ್ನು ಹಿಡಿದುಕೊಂಡು, ಹಣ ಸಾಗಿಸುವ ವೆಚ್ಚವನ್ನೂ ಕಳೆದು, ಉಳಿದುದನ್ನು ಕೊಡುತ್ತದೆ. ಆ ಮುಂದಿನ ಜವಾಬ್ದಾರಿಯೆಲ್ಲ ಹಣ ಪಡೆದವನದು.

ಒಬ್ಬ ವಿದ್ಯಾರ್ಥಿಯ ಕೈಗಡಿಯಾರ

ಈ ಮಾರ್ಗದಲ್ಲಿ ನಡೆದ ವಿದ್ಯಾರ್ಥಿಗಳಲ್ಲಿ ಎರಿಕ್ ಮಿಗಿಕೋವ್ಸ್ಕಿಯ ಕಥೆ ಬೋಧಪ್ರದವಾದುದು. ಇವನು ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದನು. 2008ರಲ್ಲಿ ವ್ಯಾಸಂಗಕ್ಕಾಗಿ ಹಾಲೆಂಡಿನ ಡೆಲ್ಫ್ಟ್ ನಗರಕ್ಕೆ ಹೋದಾಗ, ಅಲ್ಲಿಯವರಂತೆ ಬೈಸಿಕಲ್ಲಿನಲ್ಲಿ ಓಡಾಡತೊಡಗಿದನು. ಸವಾರಿಯ ನಡುವೆ ಫೋನು ಗುಣುಗಿದರೆ, ಕರೆದವರು ಯಾರೆಂದು ನೋಡಲು ಕಿಸೆಗೆ ಕೈ ಹಾಕಬೇಕಾಗುತ್ತಿತ್ತು. ಆ ಹೆಸರು ಕೈಗಡಿಯಾರದ ಮೇಲೆಯೇ ಮೂಡಿದರೆ ಎಷ್ಟು ಅನುಕೂಲ ಎಂದು ಅವನಿಗೆ ತೋರಿತು. ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಿಡಿಭಾಗಗಳನ್ನು ಬೆಸೆದು ಮೊದಲ ಮಾದರಿಯನ್ನು ಮಾಡಿದನು.

ಆ ಮಾದರಿಯಿಂದ ಯಶಸ್ಸಿಗೆ ನಾಲ್ಕು ವರ್ಷಗಳು ಹಿಡಿದುವು. ನಡುವೆ ಬ್ಲ್ಯಾಕ್‌ಬೆರಿ ಫೋನಿಗೆ ಹೊಂದುವ ‘ಇನ್‌ಪಲ್ಸ್’ ಎಂಬ ಗಡಿಯಾರವನ್ನು ಮಾಡಿ ಮಾರಿದನು. ಅದು ಹೆಚ್ಚು ಖರ್ಚಾಗಲಿಲ್ಲ, ಆದರೆ ಕೊಂಡವರ ದೂರುಗಳು ಅವನಿಗೆ ಪಾಠವಾದುವು. ಎರಡನೆಯ ಗಡಿಯಾರಕ್ಕೆ ಬೇಕಾದ ಹಣವನ್ನು ಬಂಡವಾಳಗಾರರು ಕೊಡಲಿಲ್ಲ. ಆಗ 2012ರ ಏಪ್ರಿಲ್ 11ರಂದು ‘ಪೆಬಲ್’ ಎಂಬ ಹೆಸರಿನಲ್ಲಿ ಒಂದು ಲಕ್ಷ ಡಾಲರು ಬೇಕೆಂದು ಕಿಕ್‌ಸ್ಟಾರ್ಟರಿನಲ್ಲಿ ಸಾರಿದನು. ಎರಡು ಗಂಟೆಗಳಲ್ಲಿ ಆ ಮೊತ್ತ ತುಂಬಿತು. ಮೇ 18ರಂದು ಅವಧಿ ಮುಗಿದಾಗ 68,929 ಜನರಿಂದ 1,02,66,845 ಡಾಲರು ಸೇರಿತ್ತು. ಸರಾಸರಿಯಾಗಿ ಒಬ್ಬೊಬ್ಬರು 149 ಡಾಲರು ಕೊಟ್ಟಂತಾಯಿತು.

ಒಂದು ವಾರದ ವಿದ್ಯುತ್ತು

ಜನರು ಮೆಚ್ಚಿದುದು ಹೆಸರನ್ನಲ್ಲ; ಆ ಗಡಿಯಾರದಲ್ಲಿ ಒಂದು ಭೌತವಿಜ್ಞಾನದ ಜಾಣ್ಮೆ ಇತ್ತು. ಫೋನಿನ ಪರದೆ ತಾನೇ ಬೆಳಕನ್ನು ಬೀರುತ್ತದೆ, ಸಿನಿಮಾದ ಚಿತ್ರದಂತೆ. ದೀಪ ಆರಿದರೆ ಚಿತ್ರವೂ ಇಲ್ಲ. ತರಗತಿಯ ಕರಿಹಲಗೆಯ ರೀತಿಯೇ ಬೇರೆ. ಸೀಮೆಸುಣ್ಣದಿಂದ ಒಮ್ಮೆ ಬರೆದರೆ ಸಾಕು, ಅಳಿಸುವವರೆಗೆ ಅಕ್ಷರಗಳು ನಿಲ್ಲುತ್ತವೆ; ಅವನ್ನು ಕಿಟಕಿಯ ಬೆಳಕಿನಲ್ಲಿಯೇ ಓದಬಹುದು. ಪೆಬಲ್ ಗಡಿಯಾರದ ಮುಖವು ಈ ಎರಡನೆಯ ಜಾತಿಯದು. ಅದರಲ್ಲಿ ಅಡ್ಡಕ್ಕೆ 144, ಉದ್ದಕ್ಕೆ 168, ಒಟ್ಟು 24,192 ದ್ರವಸ್ಫಟಿಕದ ಚುಕ್ಕೆಗಳಿದ್ದುವು. ಕಪ್ಪಾಗಿರಬೇಕೆ, ಬಿಳಿಯಾಗಿರಬೇಕೆ ಎಂಬುದನ್ನು ನೆನಪಿಡಲು ಪ್ರತಿಯೊಂದು ಚುಕ್ಕೆಯ ಹಿಂದೆಯೂ ಒಂದು ಸೂಕ್ಷ್ಮ ಮಂಡಲವಿತ್ತು. ಚಿತ್ರ ಬದಲಾಗದೆ ಇರುವಾಗ ಅದನ್ನು ನಿಲ್ಲಿಸಿಕೊಳ್ಳಲು ಅತ್ಯಲ್ಪ ವಿದ್ಯುತ್ತು ಸಾಕು. ಬಿಸಿಲಿನಲ್ಲಿ ಮುಖವು ಇನ್ನಷ್ಟು ಸ್ಪಷ್ಟವಾಗುತ್ತಿತ್ತು.

ಇದರ ಪ್ರಯೋಜನವನ್ನು ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದು. ಗಡಿಯಾರದಲ್ಲಿದ್ದ ಬ್ಯಾಟರಿಯ ಧಾರಣೆ ಸುಮಾರು 130 ಮಿಲಿಆಂಪಿಯರ್-ಗಂಟೆ. ಒಂದು ವಾರಕ್ಕೆ 168 ಗಂಟೆಗಳು. 130ನ್ನು 168ರಿಂದ ಭಾಗಿಸಿದರೆ 0.77 ಮಿಲಿಆಂಪಿಯರ್ ಬರುತ್ತದೆ. ಬ್ಯಾಟರಿ ಏಳು ದಿನ ಬಾಳಬೇಕಾದರೆ ಮುಖ, ಗಣಕ, ಬ್ಲೂಟೂತ್ ರೇಡಿಯೊ ಎಲ್ಲವೂ ಸೇರಿ ಸರಾಸರಿಯಲ್ಲಿ ಇದಕ್ಕಿಂತ ಹೆಚ್ಚು ಪ್ರವಾಹವನ್ನು ಎಳೆಯಕೂಡದು. ತೋರುದೀಪವಾಗಿ ಬಳಸುವ ಒಂದು ಸಾಮಾನ್ಯ ಎಲ್‌ಇಡಿ 10 ಮಿಲಿಆಂಪಿಯರ್ ಎಳೆದರೆ, ಅದೇ ಬ್ಯಾಟರಿ 13 ಗಂಟೆಗಳಲ್ಲಿ ಬರಿದಾಗುವುದು. ಪರದೆಯ ಆಯ್ಕೆಯಲ್ಲಿಯೇ ವ್ಯಾಪಾರದ ಅರ್ಧ ನಿರ್ಧಾರವಾಗಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಒಂದರಿಂದ ಎಂಬತ್ತೈದು ಸಾವಿರಕ್ಕೆ

ಗಡಿಯಾರಗಳನ್ನು 2012ರ ಸೆಪ್ಟೆಂಬರಿನಲ್ಲಿ ಕಳಿಸುವೆವೆಂದು ಪೆಬಲ್ ತಂಡದವರು ಮಾತು ಕೊಟ್ಟಿದ್ದರು. ಮೊದಲ ಗಡಿಯಾರಗಳು ಹೊರಟುದು 2013ರ ಜನವರಿಯಲ್ಲಿ. ಒಂದು ಸಾವಿರದ ಅಂದಾಜಿನಲ್ಲಿ ಹೊರಟವರಿಗೆ ಸುಮಾರು 85,000 ಗಡಿಯಾರಗಳ ಬೇಡಿಕೆ ಬಂದಿತ್ತು. ಹಣ ಹೆಚ್ಚಾಗಿ ಬಂದುದರಿಂದ ಕೆಲಸ ಬೇಗ ಆಗಬೇಕಲ್ಲವೆ ಎಂದು ಕೇಳಬಹುದು. ಆದರೆ ಪ್ರಮಾಣ ಬದಲಾದಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಅಚ್ಚು. ಪ್ಲಾಸ್ಟಿಕ್ಕಿನ ಕವಚವನ್ನು ಕೈಯಿಂದ ಒಂದೆರಡು ಮಾಡಬಹುದು. ಸಾವಿರಾರು ಮಾಡಲು ಉಕ್ಕಿನ ಅಚ್ಚು ಬೇಕು. ಅಚ್ಚಿಗೆ ಹತ್ತು ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ನೂರು ಕವಚಗಳನ್ನು ಮಾಡಿದರೆ ಒಂದೊಂದರ ಮೇಲೆ ಬೀಳುವ ಅಚ್ಚಿನ ವೆಚ್ಚ 10,000 ರೂಪಾಯಿ. ಹತ್ತು ಸಾವಿರ ಮಾಡಿದರೆ 100 ರೂಪಾಯಿ. ಆದುದರಿಂದ ಎಷ್ಟು ಮಾಡುತ್ತೇವೆಂದು ತಿಳಿಯದೆ ಬೆಲೆ ಹೇಳುವುದು ಅಪಾಯಕರ. ಅಚ್ಚನ್ನು ಕಡೆದ ಮೇಲೆ ಕೂದಲೆಳೆಯಷ್ಟು ತಪ್ಪು ಕಂಡರೂ ಅದನ್ನು ತಿದ್ದಲು ವಾರಗಳು ಹಿಡಿಯುತ್ತವೆ.

ಎರಡನೆಯದು ದೋಷದ ಪ್ರಮಾಣ. ಪೆಬಲ್ ಐದು ವಾಯುಭಾರಗಳ ನೀರಿನ ಒತ್ತಡವನ್ನು ತಡೆಯಬೇಕಾಗಿತ್ತು. ಒಂದು ವಾಯುಭಾರವೆಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ತೂಕ. ಮುಖದ ವಿಸ್ತೀರ್ಣ ಆರು ಚದರ ಸೆಂಟಿಮೀಟರ್ ಎಂದುಕೊಂಡರೆ, ಅದರ ಮೇಲೆ ಬೀಳುವ ಭಾರ ಸುಮಾರು 31 ಕಿಲೋಗ್ರಾಮ್. ಒಂದನ್ನು ಅಂಟಿಸಿ ನೀರಿನಲ್ಲಿ ಮುಳುಗಿಸಿ ನೋಡಬಹುದು. ಆದರೆ ನೂರಕ್ಕೆ ಒಂದರಂತೆ ಸೋರಿದರೂ, 85,000ದಲ್ಲಿ 850 ಗಡಿಯಾರಗಳು ಹಿಂದಿರುಗಿ ಬರುತ್ತವೆ.

ಮೂರನೆಯದು ಕಾಲ. ಒಂದು ಉಪಕರಣಕ್ಕೆ ಐವತ್ತು ಭಾಗಗಳು ಬೇಕು. ಒಂದೊಂದೂ ಹೇಳಿದ ದಿನಕ್ಕೆ ಬರುವ ಸಂಭವ ನೂರಕ್ಕೆ ತೊಂಬತ್ತೊಂಬತ್ತು ಎನ್ನೋಣ. ಒಂದು ಭಾಗದ ತಡಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲವೆಂದಾದರೆ, ಎಲ್ಲವೂ ಸಕಾಲಕ್ಕೆ ಬರುವ ಸಂಭವವನ್ನು ತಿಳಿಯಲು 0.99ನ್ನು ಐವತ್ತು ಸಲ ಗುಣಿಸಬೇಕು. ಉತ್ತರ 0.605, ನೂರಕ್ಕೆ ಅರವತ್ತು ಮಾತ್ರ! ಒಂದೊಂದರ ಸಂಭವ ನೂರಕ್ಕೆ ತೊಂಬತ್ತೈದಕ್ಕೆ ಇಳಿದರೆ, ಎಲ್ಲವೂ ಸಕಾಲಕ್ಕೆ ಸೇರುವ ಸಂಭವ ನೂರಕ್ಕೆ ಎಂಟಕ್ಕಿಂತಲೂ ಕಡಿಮೆ. ಒಂದು ಭಾಗ ಬಾರದಿದ್ದರೂ ಗಡಿಯಾರ ಪೂರ್ಣವಾಗದು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಈಥನ್ ಮೊಲಿಕ್ ಎಂಬ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಪಡೆದು ವಸ್ತುವನ್ನು ಕೊಡುವೆವೆಂದವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಮಂದಿ ತಡಮಾಡಿದುದು ಕಂಡುಬಂದಿತು. ಈ ಲೆಕ್ಕವನ್ನು ನೋಡಿದವರಿಗೆ ಅದು ಆಶ್ಚರ್ಯವೆನಿಸದು.

ಮುಂಗಡವು ಲಾಭವಲ್ಲ

ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ಅತಿ ದೊಡ್ಡ ತಪ್ಪು, ಬಂದ ಮುಂಗಡವನ್ನು ಗಳಿಸಿದ ಹಣವೆಂದು ಎಣಿಸುವುದು. ವಸ್ತು ಕೈಸೇರುವವರೆಗೆ ಅದು ಲೆಕ್ಕಪುಸ್ತಕದಲ್ಲಿ ಋಣದ ಕಡೆಗೇ ಇರಬೇಕು. ‘ಕೂಲೆಸ್ಟ್ ಕೂಲರ್’ ಎಂಬ ಹೆಸರಿನ ಶೀತಪೆಟ್ಟಿಗೆಗೆ 2014ರಲ್ಲಿ 62,642 ಜನರು ಒಂದು ಕೋಟಿ ಮೂವತ್ತೆರಡು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಪೆಟ್ಟಿಗೆಯನ್ನು ಮಾಡಿ ಕಳಿಸುವ ವೆಚ್ಚವು ಪಡೆದ ಮುಂಗಡವನ್ನು ಮೀರಿತು. 2019ರ ಡಿಸೆಂಬರಿನಲ್ಲಿ ಕಂಪನಿಯು ಮುಚ್ಚಿದಾಗ, ಸುಮಾರು ಇಪ್ಪತ್ತು ಸಾವಿರ ಜನರಿಗೆ ಪೆಟ್ಟಿಗೆ ತಲಪಿರಲಿಲ್ಲ. ಒಂದೊಂದರ ಮೇಲೆಯೂ ನಷ್ಟವಿರುವಾಗ ಬೇಡಿಕೆ ಹೆಚ್ಚಿದಷ್ಟೂ ನಷ್ಟವೇ ಹೆಚ್ಚುತ್ತದೆ.

ನಮ್ಮ ದೇಶದ ಕಾನೂನನ್ನೂ ತಿಳಿದಿರಬೇಕು. ವಸ್ತುವಿಗಾಗಿ ಮುಂಗಡ ಪಡೆಯುವುದು ಬೇರೆ, ಕಂಪನಿಯ ಪಾಲನ್ನು ಕೊಡುವೆನೆಂದು ಹಣ ಪಡೆಯುವುದು ಬೇರೆ. ಎರಡನೆಯದಕ್ಕೆ ಕಟ್ಟುಪಾಡುಗಳು ಬಿಗಿಯಾಗಿವೆ. ಮೊದಲನೆಯದೂ ನಿರ್ಬಂಧವಿಲ್ಲದುದಲ್ಲ. 2014ರ ಕಂಪನಿ ಠೇವಣಿ ನಿಯಮಗಳ ಪ್ರಕಾರ, ಸರಕಿಗಾಗಿ ಪಡೆದ ಮುಂಗಡವನ್ನು ಕಂಪನಿಯು 365 ದಿನಗಳೊಳಗೆ ಸರಕಿಗೆ ಸಲ್ಲಿಸಿಬಿಡಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಸಾರ್ವಜನಿಕ ಠೇವಣಿ ಎನಿಸಿಕೊಳ್ಳುತ್ತದೆ.

ಪೆಬಲ್ ಕಂಪನಿಯ ಕಥೆಯೂ ಪೂರ್ತಿ ಸುಖಾಂತವಲ್ಲ. 2015ರಲ್ಲಿ ಅದರ ಎರಡನೆಯ ಕರೆಗೆ 78,471 ಜನರು ಎರಡು ಕೋಟಿ ಮೂರು ಲಕ್ಷ ಡಾಲರು ಕೊಟ್ಟರು. ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಡಿಯಾರಗಳು ಮಾರಾಟವಾದುವು. ಆದರೂ ಅಂದಾಜಿನಷ್ಟು ಮಾರಾಟವಾಗದೆ, ವೆಚ್ಚ ಬೆಳೆದು, 2016ರ ಡಿಸೆಂಬರಿನಲ್ಲಿ ಕಂಪನಿ ಮುಚ್ಚಿತು. ಅದರ ತಂತ್ರಾಂಶವನ್ನು ಫಿಟ್‌ಬಿಟ್ ಕೊಂಡುಕೊಂಡಿತು. ಆ ವರ್ಷ ಹಣ ಕೊಟ್ಟು ಗಡಿಯಾರ ದೊರೆಯದವರಿಗೆ ಹಣವನ್ನು ಹಿಂದಿರುಗಿಸಲಾಯಿತು. ಈ ಕೊನೆಯ ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಫಿಟ್‌ಬಿಟ್ ಸಂಸ್ಥೆಯನ್ನು ಆಮೇಲೆ ಕೊಂಡ ಗೂಗಲ್, 2025ರ ಜನವರಿಯಲ್ಲಿ ಆ ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟಿತು. ಮಿಗಿಕೋವ್ಸ್ಕಿಯು ಅದೇ ವರ್ಷ ಚಿಕ್ಕ ತಂಡದೊಡನೆ ಮತ್ತೆ ಗಡಿಯಾರ ಮಾಡಲು ತೊಡಗಿದನು.

ಡಬ್ಬಿಯ ಗತಿ

ನಮ್ಮ ವಿದ್ಯಾರ್ಥಿಗೆ ನಾನು ಕೊಟ್ಟ ಸಲಹೆ ಇಷ್ಟೇ. “ತೋಟದ ಪತ್ರ ಅಪ್ಪನ ಪೆಟ್ಟಿಗೆಯಲ್ಲಿಯೇ ಇರಲಿ. ಮೊದಲು ಹತ್ತು ಡಬ್ಬಿಗಳನ್ನು ಮಾಡು. ಹತ್ತು ತೋಟಗಳಲ್ಲಿ ಒಂದು ಮಳೆಗಾಲ ಪೂರ್ತಿ ಅವು ಇರಲಿ. ನಿನ್ನ ಕೂಲಿಯನ್ನೂ ಸೇರಿಸಿ ಒಂದೊಂದರ ವೆಚ್ಚ ಬರೆದಿಡು. ಆಮೇಲೆ ಮುಂಗಡದ ಮಾತು.”

ಅವನು ಹಾಗೆಯೇ ಮಾಡಿದನು. ಮಳೆಗಾಲ ಮುಗಿದಾಗ ಮೂರು ಡಬ್ಬಿಗಳೊಳಗೆ ನೀರು ನಿಂತಿತ್ತು. ನೇರ ಪ್ರವಾಹ ಹರಿಸಿದುದರಿಂದ ವಿದ್ಯುದ್ವಿಶ್ಲೇಷಣೆ ನಡೆದು, ಎಲ್ಲ ಡಬ್ಬಿಗಳಲ್ಲಿಯೂ ಒಂದು ಕಡ್ಡಿ ಸವೆದುಹೋಗಿತ್ತು. ಗೊಬ್ಬರ ಹಾಕಿದ ತೋಟದಲ್ಲಿ ಇನ್ನೊಂದು ದೋಷ ಕಂಡಿತು: ಲವಣಗಳು ಕರಗಿ ಮಣ್ಣಿನ ವಾಹಕತೆ ಹೆಚ್ಚಿದುದರಿಂದ, ನೆಲ ಒಣಗುತ್ತಿದ್ದರೂ ಮುಳ್ಳು ‘ತೇವ’ ಎಂದೇ ತೋರಿಸಿತು. ಅದನ್ನು ನಂಬಿದ ನೆರೆಯವರೊಬ್ಬರು ಎರಡು ವಾರ ನೀರು ಬಿಡದೆ ಎಳೆಯ ಸಸಿಗಳನ್ನು ಕಳೆದುಕೊಂಡರು. ಹುಡುಗನು ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಹೊಸ ಸಸಿಗಳನ್ನು ತಂದು ನೆಟ್ಟು ಬಂದನು. ಹತ್ತರ ಬದಲು ಸಾವಿರ ಡಬ್ಬಿಗಳು ಹೋಗಿದ್ದರೆ ಎಷ್ಟು ಮನೆಗಳ ಬಾಗಿಲಿಗೆ ಹೋಗಬೇಕಾಗುತ್ತಿತ್ತೆಂದು ಅವನೇ ಎಣಿಸಿ ನನಗೆ ಹೇಳಿದನು.

ಈಗ ಅವನು ಕಡ್ಡಿಗಳನ್ನು ಬಿಟ್ಟು, ತೇವಕ್ಕೆ ತಕ್ಕಂತೆ ವಿದ್ಯುದ್ಧಾರಕತೆಯು ಬದಲಾಗುವುದನ್ನು ಅಳೆಯುವ ಹೊಸ ಡಬ್ಬಿಯನ್ನು ಮಾಡುತ್ತಿದ್ದಾನೆ. ಮತ್ತೆ ಹತ್ತು ತೋಟಗಳು ಸಿದ್ಧವಾಗಿವೆ. ಸಸಿ ಕಳೆದುಕೊಂಡ ನೆರೆಯವರದೇ ಅವುಗಳಲ್ಲಿ ಮೊದಲನೆಯದು.