ಹಳೆಯ ವಸ್ತುಗಳಿಗೆ ಹೊಸ ಕೆಲಸ

ಐದು ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ಜನಸಮೂಹವು ತೃಪ್ತಿಯಾಗಿ ಊಟಮಾಡಿದ ತರುವಾಯ, ಮಿಕ್ಕ ತುಂಡುಗಳು ಹನ್ನೆರಡು ಪುಟ್ಟಿಗಳಾದವೆಂಬ ಸುವಾರ್ತೆಯ ವೃತ್ತಾಂತವನ್ನು ನಮ್ಮ ಶಾಲೆಯ ಪ್ರತಿಯೊಬ್ಬ ಬಾಲಕಿಯೂ ಬಲ್ಲಳು. ಇದರಲ್ಲಿ ಗೃಹಿಣಿಯು ಗಮನಿಸತಕ್ಕ ಅಂಶವೊಂದುಂಟು. ಶಿಷ್ಯರು ಆ ತುಂಡುಗಳನ್ನು ಹುಲ್ಲಿನ ಮೇಲೆಯೇ ಬಿಟ್ಟುಬಿಡಲಿಲ್ಲ; ಪುಟ್ಟಿಗಳಲ್ಲಿ ಕೂಡಿಸಿಟ್ಟರು. ಉಳಿಸುವದು ಒಂದು ಗುಣವಾದರೆ, ಉಳಿಸಿದ್ದಕ್ಕೆ ತಕ್ಕ ಸ್ಥಳವನ್ನು ಕೊಡುವದು ಇನ್ನೊಂದು ಗುಣ.

ನಮ್ಮ ಮನೆಗಳಲ್ಲಿ ಮೊದಲನೆಯ ಗುಣವು ಧಾರಾಳವಾಗಿದೆ, ಎರಡನೆಯದು ಕಡಿಮೆ. ಅಟ್ಟದ ಮೇಲೆ ಮುಚ್ಚಳವಿಲ್ಲದ ಡಬ್ಬಿಗಳೂ, ಮಂಚದ ಕೆಳಗೆ ಹಳೆಯ ಸೀರೆಗಳ ಗಂಟೂ “ಎಂದಾದರೂ ಬೇಕಾದೀತು” ಎಂಬ ಮಾತನ್ನೇ ಆಶ್ರಯಿಸಿ ವರ್ಷಗಟ್ಟಲೆ ಬಿದ್ದಿರುತ್ತವೆ. ಇದು ಮಿತವ್ಯಯವಲ್ಲ, ಧೂಳಿಗೂ ಜಿರಲೆಗೂ ನಾವೇ ಕೊಟ್ಟ ವಾಸಸ್ಥಾನ. ಹಳೆಯ ವಸ್ತುವಿಗೆ ಹೊಸ ಕೆಲಸವನ್ನು ಗೊತ್ತುಮಾಡಿದಾಗಲೇ ಅದು ಉಳಿತಾಯವೆನಿಸುವದು.

ಆದಕಾರಣ ಮೊದಲನೆಯ ಪಾಠವು ವಿಂಗಡಣೆ. ರಜೆಯ ಒಂದು ದಿನ ತಾಯಿಮಕ್ಕಳು ಕೂಡಿ ಈ ವಸ್ತುಗಳನ್ನೆಲ್ಲಾ ಹೊರಗೆ ತೆಗೆದು ಮೂರು ಪಾಲು ಮಾಡಲಿ. ಯಾವ ಕೆಲಸಕ್ಕೆ ಬರುವದೆಂದು ಈಗಲೇ ಹೇಳಬಹುದಾದವುಗಳು ಮೊದಲನೆಯ ಪಾಲು. ನಮಗೆ ಬೇಡವಾದರೂ ಪರರಿಗೆ ಉಪಯುಕ್ತವಾದವುಗಳು ಎರಡನೆಯದು. ಮಿಕ್ಕದ್ದು ರದ್ದಿಯವನಿಗೂ ಕಸದ ಬುಟ್ಟಿಗೂ ಸೇರತಕ್ಕದ್ದು. ಎರಡನೆಯ ಪಾಲಿನ ವಿಷಯವಾಗಿ ಒಂದು ಎಚ್ಚರಿಕೆ: ನಮ್ಮ ಮಗಳಿಗೆ ತೊಡಿಸಲು ನಾಚುವ ಹರಕು ಬಟ್ಟೆಯನ್ನು ಪರರ ಮಗಳಿಗೆ ದಾನವೆಂದು ಕೊಡಬಾರದು. ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಬೇಕು.

ಎರಡನೆಯ ಪಾಠವು ಅಚ್ಚುಕಟ್ಟು. ಪಾದರಕ್ಷೆಯ ರಟ್ಟಿನ ಪೆಟ್ಟಿಗೆಗಳನ್ನು ಬೀರುವಿನ ಖಾನೆಯೊಳಗೆ ಸಾಲಾಗಿಟ್ಟರೆ ಕರವಸ್ತ್ರ, ಕಾಲುಚೀಲ, ರಿಬ್ಬನುಗಳು ಬೆರೆಯುವದಿಲ್ಲ. ಬರಿದಾದ ಬೆಂಕಿಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ಗುಂಡಿ, ಕೊಕ್ಕೆ, ಸೂಜಿಗಳಿಗೆ ಪುಟ್ಟ ಸೆಳೆಖಾನೆಗಳಾಗುವವು. ಹಳೆಯ ದುಪ್ಪಟಿಯ ಮೇಲೆ ಜೇಬುಗಳನ್ನು ಹೊಲಿದು ಬಾಗಿಲ ಹಿಂದೆ ತೂಗುಹಾಕಿದರೆ ಬಾಚಣಿಗೆ, ಕತ್ತರಿಗಳು ಹುಡುಕದೆಯೇ ದೊರಕುವವು. ೧೯೦೭ನೆಯ ಇಸವಿ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೋ ಎಂಬ ಬಡವರ ಕೇರಿಯಲ್ಲಿ ಡಾಕ್ಟರ್ ಮರಿಯಾ ಮಾಂಟೆಸರಿಯವರು ಶಿಶುಗೃಹವನ್ನು ತೆರೆದರು. ಅವರ ಪದ್ಧತಿಯಲ್ಲಿ ವಸ್ತುಗಳು ಮಗುವಿನ ಕೈಗೆಟಕುವ ತಗ್ಗಾದ ಹಲಗೆಗಳ ಮೇಲಿರುತ್ತವೆ. ಆಟ ಮುಗಿದೊಡನೆ ಮಗುವೇ ಅವನ್ನು ಸ್ವಸ್ಥಾನದಲ್ಲಿಡುತ್ತದೆ. ನಮ್ಮ ಮನೆಯಲ್ಲಿಯೂ ಡಬ್ಬಿಯ ಮೇಲೆ ಒಳಗಿರುವ ವಸ್ತುವಿನ ಚಿತ್ರವನ್ನಂಟಿಸಿ ಕೆಳಗಿನ ಹಲಗೆಯಲ್ಲಿಟ್ಟರೆ, ಅಕ್ಷರವನ್ನರಿಯದ ಮಗುವೂ ಈ ಕ್ರಮವನ್ನು ಕಲಿಯುವದು.

ಈ ವಿದ್ಯೆಯು ನಮಗೆ ಹೊರಗಿನಿಂದ ಬಂದದ್ದೆಂದು ತಿಳಿಯಬಾರದು. ಉತ್ತರ ಕರ್ನಾಟಕದ ಅಜ್ಜಿಯಂದಿರು ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿಯನ್ನು ಹೊಲಿಯುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ಧಿ ಸ್ತ್ರೀಯರು ತಮ್ಮ ಕವಂದಿಯನ್ನು ಅಂಚಿನಿಂದ ತೊಡಗಿ ನಡುವಿನ ವರೆಗೆ ಹೊಲಿದುಕೊಂಡು ಹೋಗುತ್ತಾರೆ. ಒಂದೇ ಹೊದಿಕೆಯಲ್ಲಿ ತಾಯಿಯ ಸೀರೆಯೂ ಮಗುವಿನ ಅಂಗಿಯೂ ಸೇರಿರಬಹುದು.

ಮೂರನೆಯ ಪಾಠವು ಆಟ. ೧೮೩೭ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ಶಿಶುಶಿಕ್ಷಣವನ್ನಾರಂಭಿಸಿದ ಫ್ರೋಬೆಲರು ಮಕ್ಕಳಿಗಿತ್ತ ಮೊದಲನೆಯ ಸಾಧನವು ಬಣ್ಣದ ನೂಲಿನ ಆರು ಚೆಂಡುಗಳು. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬೇರ್ಪಡುವ ಮರದ ಘನ. ಬಿಚ್ಚಿದ ಸ್ವೆಟರಿನ ಉಣ್ಣೆಯಿಂದ ಚೆಂಡನ್ನು ಸುತ್ತಬಹುದು. ಕಾಗದವನ್ನು ಬಿಗಿಯಾಗಿ ತುರುಕಿದ ಬೆಂಕಿಪೆಟ್ಟಿಗೆಗಳಿಂದ ಗೋಡೆ, ಸೇತುವೆಗಳನ್ನು ಕಟ್ಟಬಹುದು. ಏಳು ತೆಂಗಿನಕಾಯಿಗಳಿಂದ ಹದಿನಾಲ್ಕು ಕರಟಗಳಾಗುತ್ತವೆ. ಅಂಚನ್ನು ಉಜ್ಜಿ ನಯಮಾಡಿ, ಏಳೇಳರಂತೆ ಎರಡು ಸಾಲಿಟ್ಟು, ಒಂದೊಂದರಲ್ಲಿ ನಾಲ್ಕರಂತೆ ೫೬ ಹುಣಿಸೆಬೀಜಗಳನ್ನು ಹಾಕಿದರೆ ತುಳುನಾಡಿನ ಚೆನ್ನೆಮಣೆಯ ಆಟವು ಸಿದ್ಧ. ಎಣಿಕೆ, ಗುಣಾಕಾರ, ಮುಂದಾಲೋಚನೆಗಳನ್ನು ಮಗುವು ತಿಳಿಯದಂತೆಯೇ ಕಲಿತಿರುವದು.

“ಹಳೆಯದರಿಂದ ಮಾಡಿದ್ದನ್ನು ಕೊಟ್ಟು ಕಳುಹಿಸಿದರೆ ನಮ್ಮ ಮಗಳನ್ನು ನೋಡಿ ನಗುವರಲ್ಲವೇ?” ಎಂದು ಕೆಲವು ತಾಯಂದಿರು ನನ್ನನ್ನು ಕೇಳಿದ್ದುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆನು. ಒಮ್ಮೆ ನನ್ನ ತರಗತಿಯ ಬಾಲಕಿಯೊಬ್ಬಳು ಸೀರೆಯಿಂದ ಹೊಲಿದ ತನ್ನ ಪುಸ್ತಕದ ಚೀಲವನ್ನು ದಿನವೂ ಬೆಂಚಿನ ಕೆಳಗೆ ಬಚ್ಚಿಡುತ್ತಿದ್ದಳು. ಹೊಲಿಗೆ ಅತ್ಯಂತ ಸೊಗಸಾಗಿತ್ತು. ಅದನ್ನು ಎಲ್ಲರಿಗೂ ತೋರಿಸಿ ಹೊಗಳಬೇಕೆಂದಿದ್ದ ನಾನು, ಅವಳ ಮುಖವನ್ನು ನೋಡಿ ಸುಮ್ಮನಾದೆನು. ಬಳಿಕ ಒಂಟಿಯಾಗಿ ಕರೆದು ವಿಚಾರಿಸಿದಾಗ, “ನನ್ನನ್ನು ಯಾರೂ ಕೇಳಲಿಲ್ಲ, ಅಮ್ಮಾ” ಎಂದಷ್ಟೇ ಹೇಳಿದಳು. ಮರುವರ್ಷ ತಾಯಿಯೊಡನೆ ಕುಳಿತು, ಬಣ್ಣವನ್ನು ತಾನೇ ಆರಿಸಿ, ಹಿಡಿಕೆಯನ್ನು ತಾನೇ ಹೊಲಿದು ಹೊಸದೊಂದು ಚೀಲವನ್ನು ತಂದಳು. ಅದೂ ಹಳೆಯ ಸೀರೆಯದ್ದೇ. ಆದರೆ ಅದು ಬೆಂಚಿನ ಮೇಲೆಯೇ ಇತ್ತು. ಬಟ್ಟೆಯು ಹಳೆಯದೆಂಬದಕ್ಕಿಂತ, ತನ್ನ ಮನಸ್ಸನ್ನು ಕೇಳದೆ ತನ್ನ ಮೇಲೆ ಹೊರಿಸಿದರೆಂಬದೇ ಮಗುವನ್ನು ಹೆಚ್ಚಾಗಿ ನೋಯಿಸುವದೆಂದು ನಾನು ಆ ದಿನ ಕಲಿತೆನು.

ಕಡೆಗೆ, ಯಾವುದನ್ನು ಮರಳಿ ಬಳಸಬಾರದೆಂಬದನ್ನೂ ಹೇಳುವದು ನನ್ನ ಕರ್ತವ್ಯ. ಕ್ರಿಮಿನಾಶಕ ಔಷಧಗಳಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಅಡಿಗೆಮನೆಗೆ ತರಬಾರದು. ಪಾನಕದ ಶೀಷೆಯಲ್ಲಿ ಸೀಮೆಎಣ್ಣೆಯನ್ನಾಗಲಿ ಫಿನಾಯಿಲನ್ನಾಗಲಿ ತುಂಬಿಸಿಡಬಾರದು. ಮಗುವು ಶೀಷೆಯನ್ನು ನೋಡಿ ಕುಡಿಯುವದೇ ಹೊರತು ಒಳಗಿನದನ್ನು ಪರೀಕ್ಷಿಸುವದಿಲ್ಲ. ಹಳೆಯ ಬಣ್ಣದಲ್ಲಿ ಸೀಸದ ವಿಷವಿರಬಹುದಾದ್ದರಿಂದ, ಬಣ್ಣವು ಸುಲಿಯುತ್ತಿರುವ ಮರದ ಸಾಮಾನು ಆಟಕ್ಕೆ ಬೇಡ. ಹಳೆಯ ಆಟಿಕೆ, ಗಡಿಯಾರಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿಯನ್ನು ಮಗುವು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಬಳಿ ಗುಂಡಿ, ಹುಣಿಸೆಬೀಜಗಳನ್ನೂ ಬಿಡಬಾರದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ಬರುವ ರಜೆಯಲ್ಲಿ ಅಟ್ಟದಿಂದ ಒಂದೇ ಒಂದು ಗಂಟನ್ನು ಇಳಿಸಿರಿ, ಬಿಚ್ಚುವ ಮೊದಲು ಮಗುವನ್ನು ಹತ್ತಿರ ಕರೆದು, “ಇದರಿಂದ ಏನು ಮಾಡೋಣ?” ಎಂದು ಕೇಳಿರಿ. ಅವಳ ಉತ್ತರಕ್ಕೆ ಕಾದಿರಿ. ನಿಮ್ಮ ಮನೆಗಳ ಮೇಲೆ ಕರ್ತನ ಆಶೀರ್ವಾದವಿರಲಿ.