ಹಾಲಿನ ಪ್ಯಾಕೆಟ್ಟಿನ ಮೂಲೆ ಎಲ್ಲಿ ಹೋಯಿತು? ಮನೆಯ ಕಸಕ್ಕೆ ಒಂಬತ್ತು ಸೂತ್ರಗಳು

ಬೆಳಗ್ಗೆ ಕಸದ ಗಾಡಿಯ ಹಾಡು ಬೀದಿ ತಿರುವಿನಲ್ಲಿ ಕೇಳಿಸಿದ ಕೂಡಲೇ ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುರುಕಿಕೊಂಡು ಬರಿಗಾಲಲ್ಲಿ ಓಡುವವರ ಪೈಕಿ ನಾನೂ ಒಬ್ಬನಾಗಿದ್ದೆ. ಒಂದು ದಿನ ಗಾಡಿಯ ಅಮ್ಮ ನನ್ನೆದುರೇ ಚೀಲ ಬಿಚ್ಚಿದರು. ಹಳಸಿದ ಸಾರನ್ನದೊಳಗಿಂದ ಒಡೆದ ಲೋಟದ ಚೂರೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದ್ಯಾಕ್ ಸಾರ್ ಅನ್ನದೊಳಗೆ ಬಂತು?" ಎಂದರು. ಉತ್ತರ ಇರಲಿಲ್ಲ. ಆಮೇಲೆ ಕಲಿತದ್ದು ಇದು.

1. ಎರಡು ಡಬ್ಬಿ, ಒಂದು ಚೀಲ. ಹಸಿ ಕಸಕ್ಕೆ ಹಸಿರು ಡಬ್ಬಿ, ಮರುಬಳಕೆಗೆ ಬಾರದ ಕೊಳಕಿಗೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ. ಬೆಂಗಳೂರಿಗೆ ಈ ಲೆಕ್ಕ ಸುಮ್ಮನೆ ಬಂದದ್ದಲ್ಲ. ಬೆರೆತ ಕಸ ಹೊತ್ತ ಲಾರಿಗಳು ವರ್ಷಗಟ್ಟಲೆ ನಗರದಾಚೆಯ ಮಾವಳ್ಳಿಪುರ, ಮಂಡೂರು ಹಳ್ಳಿಗಳಿಗೆ ಹೋದವು. ಅಲ್ಲಿನವರ ಬಾವಿ ನೀರು ಕೆಟ್ಟಿತು, ಊರು ನಾರಿತು, ಜನ ರಸ್ತೆಗಿಳಿದರು. ಮಾವಳ್ಳಿಪುರದ ಗುಂಡಿ 2012ರಲ್ಲಿ ಮುಚ್ಚಿತು, ನಗರದ ಬೀದಿಗಳಲ್ಲೇ ಕಸ ಕೊಳೆಯತೊಡಗಿತು. ಮಂಡೂರಿನ ದಾರಿಯೂ 2014ರ ಕೊನೆಗೆ ಬಂದ್ ಆಯಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ 'ಎರಡು ಡಬ್ಬಿ, ಒಂದು ಚೀಲ'ವನ್ನು ಕಡ್ಡಾಯ ಮಾಡಿತು. ನಮ್ಮ ಸಿಂಕಿನ ಕೆಳಗಿನ ಡಬ್ಬಿಯ ಹಿಂದೆ ಎರಡು ಹಳ್ಳಿಗಳ ಹೋರಾಟ ಇದೆ.

2. ಒಣ ಕಸ ಒಣಗಿರಲಿ. ಎಲ್ಲ ಸೂತ್ರಗಳಿಗೂ ತಾಯಿ ಇದು. ಮೊಸರು ಮೆತ್ತಿದ ಡಬ್ಬ, ಎಣ್ಣೆ ಕುಡಿದ ಪಾರ್ಸೆಲ್ ಕಾಗದ ಒಣ ಚೀಲಕ್ಕೆ ಸೇರಿದರೆ ಅವು ಕೆಡುವುದಲ್ಲದೆ ಪಕ್ಕದ ಒಳ್ಳೆಯ ರಟ್ಟನ್ನೂ ಕೆಡಿಸುತ್ತವೆ. ಎಣ್ಣೆ ಹೀರಿದ ಕಾಗದವನ್ನು ನೀರಲ್ಲಿ ಅರೆದು ಹೊಸ ಕಾಗದ ಮಾಡಲಾಗದು. ಹಾಗೆಂದು ಡಬ್ಬ ತೊಳೆಯಲು ನಲ್ಲಿ ತಿರುವಬೇಡಿ, ಪಾತ್ರೆ ತೊಳೆದು ಉಳಿದ ನೀರಲ್ಲೇ ಒಮ್ಮೆ ಕುಲುಕಿ ಬೋರಲು ಹಾಕಿದರೆ ಸಾಕು. ಹೊಳೆಯಬೇಕಿಲ್ಲ, ನಾರದಿದ್ದರಾಯಿತು.

3. ಹಾಲಿನ ಪ್ಯಾಕೆಟ್ಟಿನ ಮೂಲೆ ತುಂಡರಿಸಬೇಡಿ. ಕತ್ತರಿ ಹಿಡಿದು ಮೂಲೆಯನ್ನು ಚಕ್ಕನೆ ಹಾರಿಸುತ್ತೇವಲ್ಲ, ಆ ಉಗುರಿನಷ್ಟು ತ್ರಿಕೋನ ಎಲ್ಲಿಗೆ ಹೋಗುತ್ತದೆ? ಸಿಂಕಿಗೆ, ಅಲ್ಲಿಂದ ಚರಂಡಿಗೆ. ಇಲ್ಲವೇ ತರಕಾರಿ ಸಿಪ್ಪೆಯ ಜೊತೆ ಗೊಬ್ಬರಕ್ಕೆ. ಅಷ್ಟು ಚಿಕ್ಕದನ್ನು ಆರಿಸುವ ತಾಳ್ಮೆ ಯಾರಿಗಿದೆ? ದಿನಕ್ಕೆ ಎರಡು ಪ್ಯಾಕೆಟ್ ಎಂದರೂ ವರ್ಷಕ್ಕೆ ಒಂದು ಮನೆಯಿಂದ 730 ಚೂರು. ಮುಕ್ಕಾಲು ಕತ್ತರಿಸಿ, ಮೂಲೆ ಬಾಲದ ಹಾಗೆ ನೇತಾಡಲಿ. ಹಾಲು ಸುರಿದ ಮೇಲೆ ತೊಳೆದು ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿಸಿ. ಈ ಪ್ಯಾಕೆಟ್ಟು ಗುಜರಿಯಲ್ಲಿ ಬೆಲೆಯಿರುವ ಪ್ಲಾಸ್ಟಿಕ್ಕು, ನಮ್ಮ ಅಜ್ಜಿಯಂದಿರಿಗೆ ಅದು ಚೆನ್ನಾಗಿ ಗೊತ್ತಿತ್ತು.

4. ಅನುಮಾನ ಬಂದರೆ ಕೈಯನ್ನೇ ಕೇಳಿ. ಹೊಳೆಯುವ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಮುದುಡಿಯೇ ಉಳಿದರೆ ಕಾಗದ ಅಥವಾ ಅಲ್ಯೂಮಿನಿಯಂ ಹಾಳೆ. ಚಿಪ್ಸ್ ಪ್ಯಾಕೆಟ್ಟಿನ ಹಾಗೆ ಮತ್ತೆ ಬಿಚ್ಚಿಕೊಂಡರೆ ಪದರ ಪದರದ ಪ್ಲಾಸ್ಟಿಕ್. ಅದನ್ನೂ ಒಣ ಚೀಲಕ್ಕೇ ಹಾಕಿ, ಆದರೆ ಅದು ಮತ್ತೆ ಪ್ಯಾಕೆಟ್ ಆಗುತ್ತದೆಂಬ ಆಸೆ ಬೇಡ. ಅಂಗಡಿಯ ಬಿಲ್ಲನ್ನು ಉಗುರಿನಿಂದ ಗೀರಿ ನೋಡಿ. ಕಪ್ಪು ಗೆರೆ ಮೂಡಿತೇ? ಅದು ಶಾಖಕ್ಕೆ ಅಚ್ಚಾಗುವ ರಾಸಾಯನಿಕ ಲೇಪನದ ಕಾಗದ. ರದ್ದಿಯ ಜೊತೆ ಸೇರಿಸಬೇಡಿ.

5. ಕೆಂಪು ಡಬ್ಬಿಗೆ ನಾಚಿಕೆ ಬೇಡ, ಸುತ್ತುವ ಕಾಳಜಿ ಇರಲಿ. ಪ್ಯಾಡು, ಡೈಪರು, ಬ್ಯಾಂಡೇಜುಗಳನ್ನು ಹಳೆಯ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿ. ಬಿಚ್ಚಿ ನೋಡುವ ಅಗತ್ಯವೇ ಗಾಡಿಯ ಅಮ್ಮನಿಗೆ ಬೀಳಬಾರದು. ಒಡೆದ ಗಾಜನ್ನೂ ಹೀಗೇ ಸುತ್ತಿ, ಕೈಗೆ ಕೊಡುವಾಗ "ಗಾಜಿದೆ ಅಮ್ಮಾ" ಎಂದು ಬಾಯಿಬಿಟ್ಟು ಹೇಳಿ. ಹಳೆಯ ಬಗೆಯ ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಒಡೆಯದೆ ಬೇರೆಯೇ ಕೊಡಿ. ಬ್ಯಾಟರಿ, ಅವಧಿ ಮುಗಿದ ಮಾತ್ರೆಗಳೂ ಬೇರೆ.

6. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಬೇಡಿ. ಡಬ್ಬಿಯ ತಳಕ್ಕೆ ಒಂದು ಹಾಳೆ ಪೇಪರ್ ಹಾಸಿ, ಗಾಡಿಗೆ ನೇರ ಸುರಿಯಿರಿ. ಇಷ್ಟೇ.

7. ಆದರೆ ಗೊಬ್ಬರಕ್ಕೆ ಒಂದು ಮಡಕೆ ಇಟ್ಟುಕೊಳ್ಳಿ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯೇ. ತಳಕ್ಕೂ ಪಕ್ಕಕ್ಕೂ ತೂತಿರುವ ಮಡಕೆಗೆ ಮೊದಲು ಒಣ ಎಲೆ, ಮೇಲೆ ಸಿಪ್ಪೆ, ಅದರ ಮೇಲೆ ಮತ್ತೆ ಎಲೆ ಅಥವಾ ತೆಂಗಿನ ನಾರಿನ ಪುಡಿ. ಹುಳಿ ಮಜ್ಜಿಗೆ ಒಂದು ಸೌಟು ಚಿಮುಕಿಸಿದರೆ ಕೆಲಸ ಬೇಗ ಶುರುವಾಗುತ್ತದೆ. ನನ್ನ ಮೊದಲ ಮಡಕೆ ಹತ್ತೇ ದಿನದಲ್ಲಿ ನಾರಿ, ಮನೆಯಾಕೆ ಅದನ್ನೂ ನನ್ನನ್ನೂ ಟೆರೇಸಿಗೆ ಅಟ್ಟಿದಳು. ತಪ್ಪು ನನ್ನದೇ: ಕಲ್ಲಂಗಡಿ ಸಿಪ್ಪೆ ಸುರಿದೆ, ಎಲೆ ಮರೆತೆ. ಒದ್ದೆಯಾದರೆ ನಾರುತ್ತದೆ, ಒಣಗಿದರೆ ನಿಂತೇ ಹೋಗುತ್ತದೆ. ಹಿಡಿ ತುಂಬ ತೆಗೆದು ಹಿಂಡಿದರೆ ಬೆರಳಿಗೆ ತೇವ ತಾಗಬೇಕು, ನೀರು ತೊಟ್ಟಿಕ್ಕಬಾರದು. ಬಿಳಿ ಹುಳು ಕಂಡರೆ ಹೆದರಬೇಡಿ, ಒಂದಿಷ್ಟು ಬೇವಿನ ಹಿಂಡಿ ಹಾಕಿ ಒಣ ಎಲೆ ಮುಚ್ಚಿ. ತೆಂಗಿನ ಚಿಪ್ಪು ಮಾತ್ರ ಒಳಗೆ ಬೇಡ, ಅದು ಕರಗುವಷ್ಟರಲ್ಲಿ ಮಡಕೆಯೇ ಹಳೆಯದಾಗಿರುತ್ತದೆ. ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ತಯಾರು.

8. ಗುಜರಿಯವರನ್ನು ಕರೆಯಿರಿ. ಪೇಪರ್, ರಟ್ಟು, ಬಾಟ್ಲಿ, ತಗಡು ಅವರಿಗೆ. ಒಂದು ಅಲ್ಯೂಮಿನಿಯಂ ಡಬ್ಬ ಮತ್ತೆ ಡಬ್ಬವಾದರೆ, ಅದಿರಿನಿಂದ ಹೊಸದಾಗಿ ಮಾಡುವುದಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ. 95ರಷ್ಟು ಉಳಿಯುತ್ತದೆ. ತಕ್ಕಡಿಯಲ್ಲಿ ನೂರು ಗ್ರಾಂಗೆ ಚೌಕಾಸಿ ಮಾಡಬೇಡಿ, ಮಹರಾಯರೇ.

9. "ಗಾಡಿಯಲ್ಲಿ ಎಲ್ಲ ಒಟ್ಟಿಗೇ ಸೇರಿಸ್ತಾರೆ" ಅನ್ನುವ ನೆಪ. ಕೆಲವು ಕಡೆ ಸೇರಿಸುವುದು ನಿಜ. ನಾನೂ ಕಣ್ಣಾರೆ ಕಂಡು ಕೂಗಾಡಿದ್ದೇನೆ. ಆದರೆ ಗಾಡಿಯೊಳಗೆ ಒಮ್ಮೆ ಇಣುಕಿ ನೋಡಿ. ನಮ್ಮ ಬೀದಿಗೆ ಬರುವ ಗಾಡಿಯಲ್ಲಿ ಹಸಿ ಕಸ ಕೆಳಗೆ; ಬದಿಯ ಕೊಕ್ಕೆಗೆ ಎರಡು ಗೋಣಿಚೀಲ, ಒಂದರಲ್ಲಿ ಬಾಟ್ಲಿ, ಇನ್ನೊಂದರಲ್ಲಿ ರಟ್ಟು. ಮೊನ್ನೆ ನನ್ನ ಚೀಲ ಇಸಿದುಕೊಂಡ ಅಮ್ಮ, ಅದನ್ನು ಬಿಚ್ಚದೆ ತೂಗಿ ನೋಡಿ ನೇರ ಆ ಕೊಕ್ಕೆಗೇ ತೂಗುಹಾಕಿದರು. ಪಕ್ಕದ ಮನೆಯ ಚೀಲವನ್ನು ಬಿಚ್ಚಿದರು.